ಕೆರೆದಂಡೆಯ ಟೆಂಟಿನಲ್ಲಿ ರಾತ್ರಿ ಕೆಡುವುದೇಕೆ

ಕೆರೆದಂಡೆಯ ಕ್ಯಾಂಪು ನಿರಾಸೆ ತರುವುದು ಹೆಚ್ಚಾಗಿ ಜಾಗದ ಆಯ್ಕೆಯಿಂದ. ನೀರಿಗೆ ಅಂಟಿಕೊಂಡ ಜಾಗ ಫೋಟೋದಲ್ಲಿ ಚಂದ, ರಾತ್ರಿ ಮಲಗಲು ತೀರಾ ಕೆಟ್ಟದ್ದು. ತಣ್ಣನೆಯ ಗಾಳಿ ಭಾರ. ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲೇ ನಿಲ್ಲುತ್ತದೆ. ಕೆರೆಯ ತೇವವೂ ಅಲ್ಲೇ. ಟೆಂಟಿನ ಬಟ್ಟೆ ತಣ್ಣಗಾದಂತೆ ಮಲಗಿದವರ ಉಸಿರಿನ ಆವಿ ಅದಕ್ಕೆ ತಾಗಿ ಹನಿಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆ. ಟೆಂಟು ಸೋರುತ್ತಿದೆ ಎಂದು ಬೈಯುವವರೇ ಬಹಳ, ಆದರೆ ಅದು ಸೋರಿಕೆಯಲ್ಲ. ಚಳಿಯೆಂದು ಎಲ್ಲ ಕಿಂಡಿ ಮುಚ್ಚಿದರೆ ಇನ್ನಷ್ಟು ಹನಿ. ಎದುರುಬದುರಿನ ಎರಡು ಕಿಂಡಿ ತೆರೆದಿಡಿ. ಟೆಂಟಿನ ಹೊರಹೊದಿಕೆ ಅದರ ಒಳಪದರಕ್ಕೆ ತಾಗದಂತೆ ಬಿಗಿಯಾಗಿ ಎಳೆದು ಕಟ್ಟಿ.

ನೀರಿನಿಂದ ಸುಮಾರು 60 ಮೀಟರ್ ಆಚೆ, ಒಂದೆರಡು ಆಳೆತ್ತರ ಮೇಲಿನ ಜಾಗ ಹುಡುಕಿ. ಗಾಳಿಯಾಡುವ ಕಡೆ ಸೊಳ್ಳೆಯೂ ಕಡಿಮೆ. ಜೊಂಡು ಬೆಳೆದ, ನೀರು ನಿಂತ ಅಂಚು ಬೇಡವೇ ಬೇಡ.

ಸಡಿಲ ಮರಳಿನಲ್ಲಿ ಸಾಮಾನ್ಯ ಗೂಟ ನಿಲ್ಲುವುದಿಲ್ಲ. ಗಟ್ಟಿ ಚೀಲಕ್ಕೆ ಮರಳು ತುಂಬಿ, ಟೆಂಟಿನ ಹಗ್ಗ ಅದಕ್ಕೆ ಕಟ್ಟಿ, ಒಂದಡಿ ಆಳದಲ್ಲಿ ಹೂತುಬಿಡಿ. ಗಟ್ಟಿ ನೆಲವಾದರೆ ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಲಿ. ಟೆಂಟಿನಡಿ ನೆಲಕ್ಕೆ ಹಾಸುವ ಕೆಳಹಾಸು ಟೆಂಟಿನ ಅಂಚಿಗಿಂತ ನಾಲ್ಕು ಬೆರಳು ಒಳಗಿರಬೇಕು. ಹೊರಗೆ ಚಾಚಿದ್ದರೆ ಮಳೆನೀರನ್ನು ಹಿಡಿದು ನೇರ ಬೆನ್ನಡಿಗೇ ತರುತ್ತದೆ.

ಸದ್ದಿನ ವಿಷಯ ಯಾರೂ ಮೊದಲೇ ಯೋಚಿಸುವುದಿಲ್ಲ. ರಾತ್ರಿ ನೀರಿನ ಮೇಲಿನ ತಂಪುಗಾಳಿ ಸದ್ದನ್ನು ಮತ್ತೆ ಕೆಳಕ್ಕೆ ಬಾಗಿಸುತ್ತದೆ. ಹಾಗಾಗಿ ಆಚೆದಡದ ಸ್ಪೀಕರ್ ಪಕ್ಕದಲ್ಲೇ ಇದ್ದಂತೆ ಕೇಳುತ್ತದೆ. ಜನರೇಟರ್, ಹಾಡು ಎಷ್ಟು ಗಂಟೆಗೆ ನಿಲ್ಲುತ್ತವೆ ಎಂದು ಬುಕ್ ಮಾಡುವ ಮುನ್ನವೇ ಕೇಳಿ. ಶೌಚಾಲಯ ಎಷ್ಟು ದೂರ, ಕುಡಿಯುವ ನೀರು ಎಲ್ಲಿಯದು ಎಂಬುದನ್ನೂ ಆಗಲೇ ವಿಚಾರಿಸಿಕೊಳ್ಳಿ.