ಟಾಪ್ ನೂರರಲ್ಲಿ ಬರೋದು ಹೇಗೆ ಅಂತ ಕೇಳುವವರಿಗೆ

ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನನ್ನ ಕೆಲಸ ಎಂದು ಗೊತ್ತಾದರೆ ಸಾಕು, ಜನ ಇದನ್ನೇ ಕೇಳುತ್ತಾರೆ: "ಸಂಶೋಧನೆಯಲ್ಲಿ ಒಂದು ದೇಶಕ್ಕೆ ಬಂದ ಒಳ್ಳೆ ಹೆಸರು ಉಳೀಬೇಕು ಅಂದ್ರೆ ಏನು ಮಾಡ್ಬೇಕು?" ಒಳ್ಳೆಯ ಪ್ರಶ್ನೆ. ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಸೇರಿಸುತ್ತಾರೆ: "ಅಂದ್ರೆ, ಟಾಪ್ ನೂರರಲ್ಲಿ ಬರೋದು ಹೇಗೆ?" ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಪಟ್ಟಿಗಳ ಮಾತು ಅದು. ಅಲ್ಲಿಗೆ ನನ್ನ ತಾಳ್ಮೆ ಮುಗಿಯುತ್ತದೆ. ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಆ ಪಟ್ಟಿಗಳಲ್ಲಿ ಏನಿದೆ ನೋಡಿ. 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ ಶೇ. 30ರಷ್ಟು ಅಂಕ ನೊಬೆಲ್ ಮತ್ತು ಗಣಿತದ ಫೀಲ್ಡ್ಸ್ ಪದಕಗಳಿಗೆ. ಎಂದೋ ಓದಿ ಹೋದವರಿಗೆ ಬಂದ ಪದಕವೂ ಲೆಕ್ಕಕ್ಕೆ ಸೇರುತ್ತದೆ. ಬ್ರಿಟನ್ನಿನ ಕ್ಯೂಎಸ್ ಸಂಸ್ಥೆಯ ಪಟ್ಟಿಯಲ್ಲಿ ಈಗ ಶೇ. 30 ಅಂಕ ಬೇರೆ ಕಡೆಯ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ. ಅಂದರೆ ಹೆಸರು ಇರುವವರಿಗೆ, ಹೆಸರು ಇದೆ ಅನ್ನುವ ಕಾರಣಕ್ಕೇ ಅಂಕ. ಇದರ ಹಿಂದೆ ಓಡಿದರೆ ಸಂಶೋಧನಾ ಪೇಪರ್‌ಗಳ ಸಂಖ್ಯೆ ಏರುತ್ತದೆ, ಅಷ್ಟೇ. ಚೀನಾದ ಎಷ್ಟೋ ವಿಶ್ವವಿದ್ಯಾಲಯಗಳು ಒಂದು ಪೇಪರಿಗೆ ಇಷ್ಟು ಎಂದು ದುಡ್ಡು ಕೊಡುತ್ತಿದ್ದವು. 2020ರಲ್ಲಿ ಅಲ್ಲಿನ ಸರ್ಕಾರವೇ ಅದನ್ನು ನಿಲ್ಲಿಸಿ ಅಂದಿತು. 2023ರಲ್ಲಿ ಜಗತ್ತಿನಾದ್ಯಂತ, ತಪ್ಪು ಇಲ್ಲವೇ ಮೋಸ ಕಂಡು ಜರ್ನಲ್‌ಗಳು ವಾಪಸ್ ಪಡೆದ ಪೇಪರ್‌ಗಳು 10,000 ದಾಟಿದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶಕರ ಜರ್ನಲ್‌ಗಳಲ್ಲಿ ಬಂದಿದ್ದವು.

ಹೆಸರು ಉಳಿಯಬೇಕಾದರೆ ದುಡ್ಡು ಬೇಕು, ಸ್ವಾತಂತ್ರ್ಯ ಬೇಕು, ಅದರಲ್ಲಿ ಎರಡು ಮಾತಿಲ್ಲ. 1933ರಲ್ಲಿ ಜರ್ಮನಿ ಯಹೂದಿ ಪ್ರಾಧ್ಯಾಪಕರನ್ನು ಹೊರಗೆ ಹಾಕಿದಾಗ, ಗಟಿಂಗೆನ್ ವಿಶ್ವವಿದ್ಯಾಲಯ ಎಮ್ಮಿ ನೊಯ್ಥರ್, ಮ್ಯಾಕ್ಸ್ ಬಾರ್ನ್, ರಿಚರ್ಡ್ ಕೊರಾಂಟ್ ಅಂಥ ದೊಡ್ಡ ಗಣಿತಜ್ಞರನ್ನು, ಭೌತವಿಜ್ಞಾನಿಗಳನ್ನು ಕೆಲವೇ ತಿಂಗಳಲ್ಲಿ ಕಳೆದುಕೊಂಡಿತು. ಗಣಿತದಲ್ಲಿ ಅದಕ್ಕಿದ್ದ ಹಳೆಯ ಸ್ಥಾನ ಮತ್ತೆ ಸಿಗಲಿಲ್ಲ.

ಆದರೆ ನನ್ನನ್ನು ನಿಜವಾಗಿ ಕೆರಳಿಸಿದ್ದು ಬೇರೆ ಮಾತು. ಒಂದು ಸಭೆಯಲ್ಲಿ, ಸಂಶೋಧನೆಯ ತಪ್ಪುಗಳನ್ನು ಬಹಿರಂಗವಾಗಿ ತನಿಖೆ ಮಾಡಬೇಕು ಎಂದು ಹೇಳುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, "ಅದೆಲ್ಲ ಸರಿ, ಹೊರಗೆ ಹೇಳಿದ್ರೆ ದೇಶದ ಮರ್ಯಾದೆ ಹೋಗಲ್ವಾ?" ಅಂದರು. ಸಭೆಯಲ್ಲಿ ಅರ್ಧ ಜನ ತಲೆಯಾಡಿಸಿದರು. ಅವತ್ತು ಸಮಯ ಸಿಗಲಿಲ್ಲ. ಉತ್ತರ ಇಲ್ಲಿದೆ.

ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಮನುಷ್ಯರ ಭ್ರೂಣವನ್ನು ಕ್ಲೋನ್ ಮಾಡಿ ಕಾಂಡಕೋಶ (ದೇಹದ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ತೆಗೆದೆ ಎಂದು 2004 ಮತ್ತು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಇದರಿಂದ ಕಾಯಿಲೆಗಳು ವಾಸಿಯಾಗುತ್ತವೆ ಎಂದು ದೇಶವೇ ಕುಣಿದಾಡಿತು. ಗಾಲಿಕುರ್ಚಿಯಿಂದ ಮನುಷ್ಯನೊಬ್ಬ ಎದ್ದು ನಿಲ್ಲುವ ಚಿತ್ರದ ಅಂಚೆಚೀಟಿಯೂ ಬಂತು. ಪ್ರಶ್ನೆ ಎತ್ತಿದ ಟೀವಿ ಕಾರ್ಯಕ್ರಮದ ಮೇಲೆ ಜನ ಎಷ್ಟು ಸಿಟ್ಟಾದರೆಂದರೆ, ಜಾಹೀರಾತು ಕೊಡುವವರೇ ಹಿಂದೆ ಸರಿದರು. ಆದರೂ ಡಿಸೆಂಬರ್ 2005ರಲ್ಲಿ ಕೊರಿಯಾದ್ದೇ ಯುವ ಜೀವವಿಜ್ಞಾನಿಗಳು ಆ ಪೇಪರಿನ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಬೇರೆ ಬೇರೆ ಕೋಶಗಳದ್ದು ಎಂದು ಕೊಟ್ಟಿದ್ದ ಚಿತ್ರಗಳಲ್ಲಿ ಕೆಲವು ಒಂದೇ ಆಗಿದ್ದವು. ಮರು ತಿಂಗಳೇ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ, ಇದೆಲ್ಲ ಕಟ್ಟುಕತೆ ಎಂದು ತಾನೇ ಪ್ರಕಟಿಸಿತು. ಈಗ ಹೇಳಿ, ಮರ್ಯಾದೆ ಕಳೆದವರು ಯಾರು, ಉಳಿಸಿದವರು ಯಾರು?

2011ರಲ್ಲಿ ನೆದರ್ಲೆಂಡ್ಸಿನ ಟಿಲ್‌ಬರ್ಗ್‌ನಲ್ಲೂ ಹೀಗೇ ಆಯಿತು. ಡೀಡರಿಕ್ ಸ್ಟಾಪೆಲ್ ಎಂಬ ಹೆಸರಾಂತ ಮನಶ್ಶಾಸ್ತ್ರದ ಪ್ರಾಧ್ಯಾಪಕರು ಅಂಕಿ ಅಂಶಗಳನ್ನು ಕೂತಲ್ಲೇ ಹುಟ್ಟಿಸುತ್ತಿದ್ದರು. ಹಿಡಿದವರು ಮೂವರು ಕಿರಿಯ ಸಂಶೋಧಕರು. ಸ್ಟಾಪೆಲ್ ಕೆಲಸ ಮಾಡಿದ್ದ ಮೂರೂ ವಿಶ್ವವಿದ್ಯಾಲಯಗಳು ಸಮಿತಿ ಮಾಡಿ, ಒಂದೊಂದೇ ಪೇಪರ್ ತೆಗೆದು ನೋಡಿ, 2012ರಲ್ಲಿ ವರದಿಯನ್ನು ಎಲ್ಲರ ಮುಂದಿಟ್ಟವು. ಇಷ್ಟು ವರ್ಷ ಗಮನಿಸದೇ ಇದ್ದ ಸಹೋದ್ಯೋಗಿಗಳನ್ನೂ, ಜರ್ನಲ್‌ಗಳನ್ನೂ ಆ ವರದಿ ಬಿಡಲಿಲ್ಲ. ಅದನ್ನು ಓದಿದ ಮೇಲೆ ಡಚ್ ಸಂಶೋಧನೆಯ ಮೇಲೆ ನನಗೆ ನಂಬಿಕೆ ಜಾಸ್ತಿಯೇ ಆಯಿತು.

ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುವುದೊಂದಿದೆ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಹಳೆಯ ಅಂಕಿ ಕೆಳಗೆ ಕಾಣುತ್ತಿರಲಿ. ಪಕ್ಕದಲ್ಲಿ ತಾರೀಕು, ಸಹಿ ಹಾಕಿ. ಹಾಳೆ ಹರಿಯಬೇಡಿ. ದೇಶದ ಹೆಸರು ಅಂತ ದೊಡ್ಡ ದನಿಯಲ್ಲಿ ಮಾತಾಡುವವರು ಈ ಪುಸ್ತಕಗಳನ್ನು ಒಮ್ಮೆಯಾದರೂ ತೆರೆದು ನೋಡಲಿ ಅನ್ನಿಸುತ್ತದೆ.

ನನ್ನನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿರುವ ಪ್ರಶ್ನೆ ಇದು: ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಗೈಡ್ ಕೊಟ್ಟ ಅಂಕಿ ಅಂಶ ಸರಿಯಿಲ್ಲ ಅನ್ನಿಸಿದರೆ ಅವಳು ಯಾರ ಹತ್ತಿರ ಹೋಗಬೇಕು? ಶಿಫಾರಸು ಪತ್ರ ಬರೆಯುವವರು ಗೈಡ್. ಫೆಲೋಶಿಪ್ ಕಾಗದಕ್ಕೆ ಸಹಿ ಹಾಕುವವರೂ ಅವರೇ. ಪೇಪರಿನಲ್ಲಿ ಯಾರ ಹೆಸರು ಮೊದಲು ಅನ್ನುವುದನ್ನೂ ಅವರೇ ತೀರ್ಮಾನಿಸುತ್ತಾರೆ. ನಾಲ್ಕೈದು ವರ್ಷದ ಕೆಲಸ ನೀರುಪಾಲಾಗುತ್ತದೆ ಅಂತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಅವಳಿಗೆ ಬೇರೆ ಗೈಡ್ ಸಿಗಬೇಕು. ತನಿಖೆ ಮುಗಿಯುವವರೆಗೆ ಫೆಲೋಶಿಪ್ ನಿಲ್ಲಬಾರದು. ಸಮಿತಿಯಲ್ಲಿ ಹೊರಗಿನವರು ಇರಬೇಕು, ವರದಿ ಪೂರ್ತಿ ಹೊರಗೆ ಬರಬೇಕು. ಹೊಸ ಕಟ್ಟಡ ಕಟ್ಟುವಷ್ಟು ಖರ್ಚು ಇದಕ್ಕೆ ಖಂಡಿತ ಇಲ್ಲ. ಮುಂದಿನ ಸಲ ಯಾವುದಾದರೂ ಕುಲಪತಿ ಎದುರು ಸಿಕ್ಕಿದರೆ, ರ‍್ಯಾಂಕ್ ಬಿಡಿ, ಇವುಗಳಲ್ಲಿ ನಿಮ್ಮಲ್ಲಿ ಏನೇನಿದೆ ಎಂದು ಕೇಳಿ. ಮಾತು ಹಾರಿಸಿದರೆ ಮತ್ತೆ ಕೇಳಿ.