ಬ್ಲಾನ್ಯಾಕ್‌ನಲ್ಲೊಂದು ಭಾನುವಾರ

ಫ್ರಾನ್ಸಿಗೆ ಹೊರಟಿದ್ದೀನಿ ಅಂದಾಗ ಐಫೆಲ್ ಟವರ್ ಫೋಟೊ ಕಳಿಸು ಅಂತ ಕೇಳದವರಿಲ್ಲ. ಆದರೆ ಕಂಪನಿ ನನ್ನನ್ನು ಕಳಿಸಿದ್ದು ದೂರದ ದಕ್ಷಿಣದಲ್ಲಿರುವ ತುಲೂಸ್‌ಗೆ. ಅದೂ ಊರೊಳಕ್ಕಲ್ಲ, ಗರೋನ್ ನದಿಯ ಆಚೆ ದಡದ ಬ್ಲಾನ್ಯಾಕ್‌ಗೆ. ವಿಮಾನ ನಿಲ್ದಾಣ, ಏರ್‌ಬಸ್ ಕಾರ್ಖಾನೆ, ಅವುಗಳ ಮಗ್ಗುಲಲ್ಲೇ ಹೆಂಚಿನ ತಗ್ಗು ಮನೆಗಳು. ಪ್ರವಾಸಿಗರು ವಿಮಾನ ಇಳಿದವರೇ ಟ್ಯಾಕ್ಸಿ ಹತ್ತಿ ನೇರ ತುಲೂಸ್‌ಗೆ ಹೋಗಿಬಿಡುತ್ತಾರೆ. ಅವರ ತಪ್ಪೇನಿಲ್ಲ, ನಿಂತು ನೋಡು ಅನ್ನುವಂಥದ್ದು ಊರೊಳಗೆ ಹೆಚ್ಚೇನೂ ಕಾಣುವುದಿಲ್ಲ.

ಆ ಭಾನುವಾರ ಓತಾನ್ ಗಾಳಿ ಎದ್ದಿತ್ತು. ಆಗ್ನೇಯದಿಂದ ಬೀಸುವ ಈ ಗಾಳಿ ತಲೆ ಕೆಡಿಸುತ್ತದೆ ಅಂತ ಇಲ್ಲಿನವರು ಬೈಯುತ್ತಲೇ ಇರುತ್ತಾರೆ. ಅಂಗಡಿಗಳೆಲ್ಲ ಷಟರ್ ಎಳೆದಿದ್ದವು, ತೆರೆದಿದ್ದದ್ದು ಬ್ರೆಡ್ ಅಂಗಡಿಯೊಂದೇ. ಅಲ್ಲಿ ಬೀದಿವರೆಗೆ ಸಾಲು. ನನ್ನ ಮುಂದೆ ಒಬ್ಬ ತಾತ, ಜೊತೆಗೆ ಮೊಮ್ಮಗ. ಮೇಲೆ ಸದ್ದಾದಾಗ ಹುಡುಗ ತಲೆಯನ್ನೂ ಎತ್ತದೆ "ನಿಯೋ" ಅಂದ. ಹೊಸ ಬಗೆಯ ಎಂಜಿನ್ ಇರುವ ಏರ್‌ಬಸ್‌ನ ಹೆಸರು ಅದು. ತಾತ ಕಣ್ಣಿಗೆ ಕೈ ಅಡ್ಡ ಹಿಡಿದು ಎಂಜಿನ್ ನೋಡಿ ತಲೆದೂಗಿದರು. ನಾನು ಬೆಳೆದದ್ದು ಬೆಂಗಳೂರಿನ ವಿಮಾನಪುರದಲ್ಲಿ, ಎಚ್‌ಎಎಲ್ ಕ್ವಾರ್ಟರ್ಸಿನಲ್ಲಿ. ಅಂಗಳದಲ್ಲಿ ಗೋಲಿ ಆಡುತ್ತಲೇ ಸದ್ದಿನ ಮೇಲೆ ಕಿರಣ್ ಯಾವುದು, ಜಾಗ್ವಾರ್ ಯಾವುದು ಅಂತ ಪಂಥ ಕಟ್ಟುತ್ತಿದ್ದವರು ನಾವು. ಈ ಊರಿನ ಮೇಲೆ ನನಗೆ ಅಭಿಮಾನ ಬಂದದ್ದು ಆ ಸಾಲಿನಲ್ಲಿ ನಿಂತಾಗಲೇ.

ಬ್ರೆಡ್ಡಿನ ತುದಿ ಮುರಿದು ತಿನ್ನುತ್ತಾ ಟ್ರಾಮ್ ಹತ್ತಿ ಏರೋಸ್ಕೋಪಿಯಾಗೆ ಹೋದೆ. 2015ರಲ್ಲಿ ತೆರೆದ ವಿಮಾನ ಸಂಗ್ರಹಾಲಯ ಅದು. ಅಲ್ಲಿ ಎರಡು ಕಾಂಕಾರ್ಡ್‌ಗಳಿವೆ. ಮೊಟ್ಟಮೊದಲ ಕಾಂಕಾರ್ಡ್ ನೆಲ ಬಿಟ್ಟದ್ದು ಇದೇ ನಿಲ್ದಾಣದಿಂದ, 1969ರ ಮಾರ್ಚ್ 2ರಂದು. ಒಳಗೆ ಹೋದರೆ ಆಶ್ಚರ್ಯವಾಗುವುದು ಎಷ್ಟು ಇಕ್ಕಟ್ಟು ಅಂತ! ಆಚೆ ಎರಡು ಸೀಟು, ಈಚೆ ಎರಡು, ಅಂಗೈಯಷ್ಟಗಲದ ಕಿಟಕಿ. ಸದ್ದಿನ ಎರಡರಷ್ಟು ವೇಗದಲ್ಲಿ ಹಾರುವಾಗ ಮೈ ಕಾದು ವಿಮಾನ ಒಂದು ಗೇಣು ಉದ್ದವಾಗುತ್ತಿತ್ತಂತೆ. ಹಾರಾಟದಲ್ಲಿ ಫ್ಲೈಟ್ ಎಂಜಿನಿಯರ್ ಕೂರುವ ಜಾಗದ ಪಕ್ಕ ಕೈ ತೂರುವಷ್ಟು ಸಂದು ಬಿಟ್ಟುಕೊಂಡು, ಇಳಿಯುವ ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಲಕ್ಷಾಂತರ ರೂಪಾಯಿ ಟಿಕೆಟ್ ಕೊಟ್ಟು ಇದರಲ್ಲಿ ಮುದುರಿ ಕೂತವರನ್ನು ನೆನೆದು ನಗು ಬಂತು.

ನನಗೆ ಹಿಡಿಸಿದ್ದು ಮಾತ್ರ ಸೂಪರ್ ಗಪ್ಪಿ. ತಲೆ ಊದಿಕೊಂಡ ಮೀನಿನಂಥ ವಿಮಾನ. ಮೂಗು ಪೂರ್ತಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಏರ್‌ಬಸ್‌ನ ರೆಕ್ಕೆ ಬ್ರಿಟನ್ನಿನಲ್ಲಿ, ಹಿಂಭಾಗ ಜರ್ಮನಿಯಲ್ಲಿ, ಬಾಲದ ಅಡ್ಡ ರೆಕ್ಕೆ ಸ್ಪೇನಿನಲ್ಲಿ ತಯಾರಾಗುವುದರಿಂದ ಎಲ್ಲವನ್ನೂ ಹೊಟ್ಟೆಗೆ ತುಂಬಿಕೊಂಡು ತರುವ ಕೆಲಸ ಆಗ ಇದರದಾಗಿತ್ತು. ಈಗ ಆ ಕೆಲಸ ಬೆಲೂಗಾ ಅನ್ನುವ ಸರಕು ವಿಮಾನಗಳದು. ಗಪ್ಪಿಯ ಮುಂದೆ ನಿಂತಿದ್ದಾಗ ಮುದುಕರೊಬ್ಬರು ಹತ್ತಿರ ಬಂದು, "ಬೋಯಿಂಗ್‌ನ ಹಳೇ ವಿಮಾನವನ್ನೇ ಹಿಗ್ಗಿಸಿ ಮಾಡಿದ್ದು. ನಮ್ಮ ಏರ್‌ಬಸ್ ಬೆಳೆದದ್ದು ಬೋಯಿಂಗ್ ಹೆಗಲ ಮೇಲೆ," ಅಂತ ಕಣ್ಣು ಮಿಟುಕಿಸಿದರು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಪಕ್ಕದಲ್ಲೇ ಎಲ್ ಆನ್ಸಿಯೆನ್ ಅನ್ನುವ ಸಂಘದ ಅಂಗಳವಿದೆ. ಅಲ್ಲಿ ಇಂಥವರೇ ಸೇರಿ ಹಳೇ ವಿಮಾನಗಳನ್ನು ಸಂಬಳವಿಲ್ಲದೆ ರಿಪೇರಿ ಮಾಡುತ್ತಾರೆ.

ಎಲ್ಲಿಯವನು ಅಂತ ಕೇಳಿದರು. ಬೆಂಗಳೂರು ಅಂದೆ. "ಬಾಗಿಲು!" ಅಂದರು ತಟ್ಟನೆ. ಏರ್‌ಬಸ್‌ನ ಎ320 ವಿಮಾನದ ಮುಂದಿನ ಬಾಗಿಲುಗಳನ್ನು ಎಚ್‌ಎಎಲ್ ದಶಕಗಳಿಂದ ಮಾಡಿಕೊಡುತ್ತಾ ಬಂದಿದೆ. ಐಫೆಲ್ ಟವರ್ ಕೆಳಗೆ ನಿಂತಿದ್ದರೆ ಬೆಂಗಳೂರು ಅಂದಾಗ ಸಾಫ್ಟ್‌ವೇರ್, ಯೋಗ ಅಂತ ಯಾರಾದರೂ ಅನ್ನುತ್ತಿದ್ದರು, ಅಷ್ಟೇ. ನಮ್ಮೂರನ್ನು ಬಾಗಿಲಿನಿಂದ ಗುರುತು ಹಿಡಿದವರು ಇವರೊಬ್ಬರೇ. ನಮ್ಮಪ್ಪ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು ಅಂದಾಗ ನನ್ನ ಕೈ ಬಿಡಲೇ ಇಲ್ಲ. ಗಪ್ಪಿಯ ಹೊಟ್ಟೆಯ ಕೆಳಗೆ ಬಗ್ಗಿಸಿ ರಿವೆಟ್ ಸಾಲು ತೋರಿಸಿದರು. ಕೆಲವು ತಲೆಗಳ ಸುತ್ತ ಬಣ್ಣ ಸೀಳಿತ್ತು, ಒಂದರ ಮೇಲೆ ಯಾವ ಕಾಲದ್ದೋ ಪೆನ್ಸಿಲ್ ಗುರುತು ಹಾಗೇ ಉಳಿದಿತ್ತು.

"ಶನಿವಾರ ಹಳೇ ಪ್ಯಾಂಟು ಹಾಕಿಕೊಂಡು ಬನ್ನಿ, ಬಣ್ಣ ಕೆರೆಯುವುದಿದೆ," ಅಂದು ಬೀಳ್ಕೊಟ್ಟರು.

ರೂಮಿಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಕಾಂಕಾರ್ಡ್ ವಿಷಯಕ್ಕೆ ಬರೀ ಹೂಂ ಅಂದರು. ರಿವೆಟ್ ಅಂದ ಮೇಲೆ ಮಾತು ಶುರುವಾಯಿತು: ಯಾವ ಅಳತೆ, ತಲೆ ಗುಂಡಗಿತ್ತೋ ಚಪ್ಪಟೆಯೋ, ಫೋಟೊ ಯಾಕೆ ತೆಗೆಯಲಿಲ್ಲ. ಶನಿವಾರದ ಕರೆಯನ್ನೂ ಹೇಳಿದೆ.

"ಹೋಗು, ತಪ್ಪಿಸಬೇಡ. ಕೈಗೆ ಗ್ಲೌಸ್ ಹಾಕ್ಕೊಳೋ, ಹಳೇ ಪೇಂಟು ಚರ್ಮ ತಿನ್ನುತ್ತೆ."