ಬೆಳ್ಳಗೆ ಕಂಡದ್ದನ್ನು ರಕ್ತವೆಂದು ಹೇಳಿಬಿಟ್ಟ ರಾತ್ರಿ

ಕಲಬುರಗಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾನು ಸ್ಟಾಫ್ ನರ್ಸ್ ಆಗಿದ್ದೇನೆ. ನಮ್ಮ ಭಾಗದಲ್ಲಿ ಲಕ್ವಾ ಎನ್ನುವ ಕಾಯಿಲೆಯಲ್ಲಿ, ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡಿದ್ದರೆ, ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಹೆಪ್ಪುಗಟ್ಟಿದ ರಕ್ತವನ್ನು ಹೊರತೆಗೆಯುತ್ತಾರೆ. ಹಾಗೆ ಚಿಕಿತ್ಸೆ ಪಡೆದು ಬಂದವರನ್ನು ಮೊದಲ ರಾತ್ರಿ ಕಾಯುವುದು ನಮ್ಮ ಪಾಲಿನ ಕೆಲಸ.

ಒಂದು ಮೇ ತಿಂಗಳಿನಲ್ಲಿ ಸೇಡಂ ಕಡೆಯ ಹಿರಿಯರೊಬ್ಬರು ಹೀಗೆಯೇ ಬಂದರು. ಮಿದುಳಿನ ಬಲಭಾಗದ ನಾಳ ತೆರೆದುಕೊಂಡಿತ್ತು, ಬಿದ್ದುಹೋಗಿದ್ದ ಎಡಗೈಯನ್ನು ಅವರು ನನ್ನ ಎದುರಿಗೇ ಎತ್ತಿ ತೋರಿಸಿದರು. ಐದಾರು ಗಂಟೆಗಳಾದ ಮೇಲೆ ಮಾತು ತಡವರಿಸಿತು, ಮಗನ ಗುರುತು ಹತ್ತಲಿಲ್ಲ, ಎಡಗೈ ಮತ್ತೆ ಜೋತುಬಿತ್ತು. ತುರ್ತಾಗಿ ಮಾಡಿಸಿದ ಸಿ.ಟಿ.ಯಲ್ಲಿ ಬಲಭಾಗದ ಮಿದುಳು ಊದಿಕೊಂಡು, ಅದರ ಮಡಿಕೆಗಳ ಉದ್ದಕ್ಕೂ ಬೆಳ್ಳಗೆ ಕಾಣುತ್ತಿತ್ತು. ಹೊರಗೆ ನಿಂತಿದ್ದ ಮಗ, "ಸಿಸ್ಟರ್, ನಮ್ಮಪ್ಪಗ ಏನಾಗ್ಯಾದ್ರೀ?" ಎಂದು ಕೇಳಿದಾಗ, ವೈದ್ಯರು ಇನ್ನೂ ಏನನ್ನೂ ಹೇಳದಿದ್ದರೂ ನಾನು, "ತಲ್ಯಾಗ ರಕ್ತ ಸೋರಿರಬಹುದ್ರೀ" ಎಂದುಬಿಟ್ಟೆ. ಆತ ಗೋಡೆಗೆ ಒರಗಿ ಕುಳಿತುಬಿಟ್ಟರು. ಆ ಮಾತನ್ನು ನಾನು ಆಡಬಾರದಾಗಿತ್ತು.

ಚಿಕಿತ್ಸೆ ಮಾಡಿದ ವೈದ್ಯರು ಚಿತ್ರ ನೋಡಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಒಟ್ಟು ಎಷ್ಟು ಡೈ ಹೋಗಿದೆ, ಕ್ರಿಯಾಟಿನಿನ್ ಎಷ್ಟಿದೆ? ಮೂತ್ರಪಿಂಡ ದುರ್ಬಲವಾದರೆ ರಕ್ತದಲ್ಲಿ ಏರುವ ಈ ಕ್ರಿಯಾಟಿನಿನ್ ಹೆಚ್ಚೇ ಇತ್ತು. ಡೈ ಪ್ರಮಾಣ ಬರೆಯಬೇಕಾದ ಜಾಗ ಖಾಲಿಯಿತ್ತು, ಅದನ್ನು ಕೇಳದೆಯೇ ನಾನು ಹಾಳೆಗೆ ಸಹಿ ಹಾಕಿ ರೋಗಿಯನ್ನು ಒಪ್ಪಿಸಿಕೊಂಡಿದ್ದೆ.

ನಾಳಗಳು ಎಕ್ಸ್‌ರೇಯಲ್ಲಿ ಕಾಣಲೆಂದು ಬಿಡುವ ಈ ಡೈಯಲ್ಲಿ ಅಯೋಡಿನ್ ಇರುತ್ತದೆ, ಸಿ.ಟಿ.ಯಲ್ಲಿ ಅದೂ ರಕ್ತದಂತೆಯೇ ಬೆಳ್ಳಗೆ ಕಾಣುತ್ತದೆ. ರಕ್ತದಲ್ಲಿರುವುದೆಲ್ಲ ಮಿದುಳಿನೊಳಗೆ ನುಗ್ಗದಂತೆ ತಡೆಯುವ ಪದರ, ರಕ್ತ ಸಿಗದೆ ಬಳಲಿದ ಭಾಗದಲ್ಲಿ ಮೊದಲೇ ಹಾಳಾಗಿರುತ್ತದೆ, ಅಲ್ಲಿಂದ ಡೈ ಒಳಗೆ ಸೋರಿದರೆ ಮಿದುಳು ಕೆರಳಿ ಊದಿಕೊಳ್ಳಬಹುದು. ಆಗ ಗಲಿಬಿಲಿ, ಫಿಟ್ಸ್, ಕೈಕಾಲಿನ ನಿಶ್ಶಕ್ತಿ, ಕೆಲವರಲ್ಲಿ ಕಣ್ಣು ಸರಿಯಿದ್ದೂ ದೃಷ್ಟಿ ಹೋಗುವುದು ಉಂಟು. ರಕ್ತದೊತ್ತಡ ಹೆಚ್ಚಿದ್ದವರಿಗೂ ಮೂತ್ರಪಿಂಡ ದುರ್ಬಲವಾಗಿದ್ದವರಿಗೂ ಅಪಾಯ ಹೆಚ್ಚು. ನಮ್ಮ ಬಿಸಿಲಿನಲ್ಲಿ ಹೊಲದಿಂದ ನೇರವಾಗಿ ಬರುವವರ ದೇಹದಲ್ಲಿ ನೀರೂ ಕಡಿಮೆ ಇರುತ್ತದೆ ಎಂಬುದನ್ನು ನಾನು ಈಗ ಮರೆಯುವುದಿಲ್ಲ.

ಹಾಗೆಂದು ಬಿಳಿಯದೆಲ್ಲ ಡೈ ಎಂದು ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪು. ನಿಜವಾದ ರಕ್ತಸ್ರಾವ, ನಾಳ ಮತ್ತೆ ಮುಚ್ಚಿಕೊಂಡಿರುವುದು, ಸಕ್ಕರೆ ಇಳಿದಿರುವುದು, ಇವೆಲ್ಲ ಅಲ್ಲವೆಂದು ಖಚಿತವಾದ ಮೇಲೆಯೇ ಡೈಯ ಹೆಸರು ಹೇಳಬೇಕು. ಆ ರಾತ್ರಿ ಸಕ್ಕರೆ ಸರಿಯಿತ್ತು. ಎಂ.ಆರ್.ಐ.ಯಲ್ಲಿ ಡೈ ಬಿಡದೆಯೇ ನಾಳ ನೋಡಬಹುದು, ಅದು ತೆರೆದೇ ಇತ್ತು, ಹೊಸದಾಗಿ ಸತ್ತ ಭಾಗವೂ ಕಾಣಲಿಲ್ಲ. ರಕ್ತಸ್ರಾವ ಅಲ್ಲವೆಂದು ಇನ್ನೂ ಖಚಿತವಾಗದ ಕಾರಣ, ರಕ್ತ ತೆಳುವಾಗಿಸುವ ಔಷಧಿಯನ್ನು ಮಾತ್ರ ವೈದ್ಯರು ತಡೆಹಿಡಿದರು. ಫಿಟ್ಸ್‌ಗೆ ಔಷಧಿ, ಅಳತೆ ನೋಡಿ ಸಲೈನ್, ಗಂಟೆಗಂಟೆಗೂ ಕಣ್ಣಿನ ಪಾಪೆ ಮತ್ತು ಮೂತ್ರದ ಪ್ರಮಾಣ, ಬೆಳಗಾಗುವವರೆಗೂ ಅಷ್ಟೇ. ಮರುದಿನ, ಸುಮಾರು 24 ಗಂಟೆಗಳ ನಂತರದ ಸಿ.ಟಿ.ಯಲ್ಲಿ ಆ ಬಿಳಿ ಬಹುಪಾಲು ಮಾಯವಾಗಿತ್ತು. ರಕ್ತವಾಗಿದ್ದರೆ ಅಷ್ಟು ಬೇಗ ಕರಗುತ್ತಿರಲಿಲ್ಲ. ಮೂರನೆಯ ದಿನ ಹಿರಿಯರು ಮಗನನ್ನು ಹೆಸರು ಹಿಡಿದು ಕರೆದರು. ಎಲ್ಲರೂ ಹೀಗೆ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ, ಆದರೆ ಬಹುಪಾಲು ಜನರು ಕೆಲವು ದಿನಗಳಲ್ಲಿ ಸುಧಾರಿಸುತ್ತಾರೆ.

ಈಗ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆಯಾದ ಕ್ಯಾತ್‌ಲ್ಯಾಬ್‌ನಿಂದ ರೋಗಿ ಬಂದಾಗ, ಡೈ ಎಷ್ಟು ಮಿಲಿಲೀಟರ್, ಕೊನೆಯ ಬಾರಿ ಎಷ್ಟು ಗಂಟೆಗೆ, ಕ್ರಿಯಾಟಿನಿನ್ ಎಷ್ಟು ಎಂದು ಬರೆಸಿಕೊಳ್ಳದೆ ನಾನು ಸಹಿ ಹಾಕುವುದಿಲ್ಲ. ಮನೆಯವರು ಕೇಳಿದರೆ, "ಸ್ಕ್ಯಾನಿನಾಗ ಬದಲಾವಣೆ ಕಂಡದ್ರೀ, ಏನಂತ ಡಾಕ್ಟರ್ ನೋಡಾಕತ್ತಾರ, ಅವರೇ ಬಂದು ಹೇಳ್ತಾರ" ಎನ್ನುತ್ತೇನೆ. ಆ ಹಿರಿಯರ ಬಿಡುಗಡೆ ಪತ್ರದಲ್ಲಿ ಡೈಯಿಂದಾದ ತೊಂದರೆಯನ್ನು ವೈದ್ಯರು ಬರೆದುಕೊಟ್ಟರು. ಮುಂದೆ ಎಲ್ಲಿ ಸ್ಕ್ಯಾನ್ ಅಥವಾ ಆಂಜಿಯೋಗ್ರಾಂ ಎಂದರೂ ಮೊದಲು ಆ ಕಾಗದ ತೋರಿಸಬೇಕೆಂದು ಮಗನಿಗೆ ನಾನೇ ಓದಿ ಹೇಳಿದೆ, ಮೊದಲ ರಾತ್ರಿ ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆ.